ಡ್ಯೂಟಿ ಲಿಸ್ಟ್‌ನಲ್ಲಿ ಬರೆಯದ ಕೆಲಸ

ವಾರ್ಡಿನಲ್ಲಿ ನಡೆಯುವ ಎಷ್ಟೋ ಕೆಲಸ ಯಾರ ಡ್ಯೂಟಿ ಲಿಸ್ಟ್‌ನಲ್ಲೂ ಇರುವುದಿಲ್ಲ. ರಾತ್ರಿ ಮಕ್ಕಳ ವಾರ್ಡಿನಲ್ಲಿ ಒಂದು ಕೂಸಿಗೆ ಡ್ರಿಪ್ ಏರಿಸುವ ಸಣ್ಣ ಕೊಳವೆ, ಅಂದರೆ ಕ್ಯಾನುಲಾ, ಹಾಕಲು ನರವೇ ಸಿಗುತ್ತಿಲ್ಲ ಅಂದಾಗ, ಐಸಿಯುನಲ್ಲಿ ಕೈ ಪಳಗಿದ ಸಿಸ್ಟರ್ ಒಬ್ಬರು ಅರ್ಧ ಕುಡಿದ ಟೀ ಬಿಟ್ಟು ಓಡಿ ಬರುತ್ತಾರೆ. ಲಿಂಗಸುಗೂರಿನಿಂದ ಬಂದ ಅಜ್ಜ "ಬ್ಲಡ್ ಬ್ಯಾಂಕ್ ಎಲ್ಲೈತ್ರಿ ಸಿಸ್ಟರ್?" ಅಂದರೆ, "ಕೆಳಗೆ ಹೋಗಿ ಕೇಳಿ" ಅನ್ನದೆ ಯಾರೋ ಒಬ್ಬರು ಚೀಟಿಯಲ್ಲಿ ದಾರಿ ಬರೆದು, ಜೊತೆಗೆ ಆಯಾನನ್ನೂ ಕಳಿಸುತ್ತಾರೆ. ಮುಂದಿನ ಪಾಳಿಯವರಿಗೆ ವಾರ್ಡು ಒಪ್ಪಿಸಿ, ಅಂದರೆ ಹ್ಯಾಂಡೋವರ್ ಮುಗಿಸಿ, ಮನೆಗೆ ಹೊರಟವರು ಹೊಸ ಹುಡುಗಿಯ ಮುಖ ನೋಡಿ ಬ್ಯಾಗು ಕೆಳಗಿಡುತ್ತಾರೆ. ಇನ್‌ಫ್ಯೂಷನ್ ಪಂಪ್ ಯಾಕೆ ಕೂಗುತ್ತಿದೆ ಅಂತ ಇನ್ನೊಂದು ಸಲ ತೋರಿಸಿಕೊಡುತ್ತಾರೆ.

ಇದನ್ನೆಲ್ಲ ಮಾಡದಿದ್ದರೆ ಯಾರೂ ಮೆಮೊ ಕೊಡುವುದಿಲ್ಲ. ಮಾಡಿದರೆ ಸಂಬಳವೇನೂ ಜಾಸ್ತಿ ಆಗುವುದಿಲ್ಲ. ಆದರೆ ಒಂದೇ ಒಂದು ದಿನ ಎಲ್ಲರೂ ಲಿಸ್ಟ್‌ನಲ್ಲಿ ಇದ್ದಷ್ಟನ್ನೇ ಮಾಡಿ ಎದ್ದು ಹೋದರೆ, ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆ ನಿಂತುಹೋಗುತ್ತದೆ.

ನಾನು ನರ್ಸ್. ಮಂಗಳೂರಿನಲ್ಲಿ ಕಲಿತು, ಬೆಂಗಳೂರಿನ ಆಸ್ಪತ್ರೆಗಳಲ್ಲಿ ದುಡಿದು, ಈಗ ನರ್ಸಿಂಗ್ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೇನೆ. ಇಷ್ಟು ವರ್ಷ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ಅದೇ ಕಾಲೇಜಿನಲ್ಲಿ ಓದಿದ, ಅದೇ ಸಂಬಳ ತೆಗೆದುಕೊಳ್ಳುವ, ಅದೇ ಹಾಸ್ಟೆಲಿನಲ್ಲಿ ಮಲಗುವ ಇಬ್ಬರು ಹುಡುಗಿಯರು. ಒಬ್ಬಳು ಕರೆಯುವ ಮೊದಲೇ ಎದ್ದು ಬರುತ್ತಾಳೆ. ಇನ್ನೊಬ್ಬಳು ತನ್ನ ಆರು ಹಾಸಿಗೆ ಬಿಟ್ಟು ಏಳನೆಯದರ ಕಡೆ ತಿರುಗಿಯೂ ನೋಡುವುದಿಲ್ಲ. ಯಾಕೆ?

ಇದಕ್ಕೆ ಜನ ಸಿದ್ಧವಾಗಿ ಇಟ್ಟುಕೊಂಡಿರುವ ಉತ್ತರ "ಸೇವಾ ಮನೋಭಾವ". ಅವಳಿಗೆ ಇದೆ, ಇವಳಿಗೆ ಇಲ್ಲ. ಸಮಾರಂಭಗಳಲ್ಲಿ ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಯಾಕೆಂದರೆ ಆ ಎರಡನೆಯ ಹುಡುಗಿಯನ್ನು ಬೇರೆ ವಾರ್ಡಿಗೆ ಹಾಕಿದ ಕೆಲವೇ ತಿಂಗಳಲ್ಲಿ ಅವಳೇ ಮೊದಲನೆಯವಳಂತೆ ಆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದು ಸಲವಲ್ಲ, ಮತ್ತೆ ಮತ್ತೆ. ಮನೋಭಾವ ಹುಟ್ಟಿನಿಂದ ಬಂದದ್ದಾಗಿದ್ದರೆ ಮೂರನೇ ಮಹಡಿಯಿಂದ ಐದನೇ ಮಹಡಿಗೆ ಹೋದ ತಕ್ಷಣ ಬದಲಾಗುತ್ತಿತ್ತಾ?

ಬದಲಾದದ್ದು ಏನು ಅಂತ ಹೇಳಬೇಕಾದರೆ ಆ ಐದನೇ ಮಹಡಿಯ ಇನ್‌ಚಾರ್ಜ್ ಮೇಡಂ ಬಗ್ಗೆ ಹೇಳಬೇಕು.

ಅದು ಆಪರೇಷನ್ ಆದವರ ವಾರ್ಡು. ಹಾಸನದ ಕಡೆಯ ಒಬ್ಬಳು ಹುಡುಗಿ ಆಗಷ್ಟೇ ಸೇರಿದ್ದಳು. ಒಂದು ರಾತ್ರಿ ಆ್ಯಂಟಿಬಯೋಟಿಕ್ ಪುಡಿ ಕರಗಿಸಲು ಟ್ರೇಗೆ ಕೈ ಹಾಕಿ ಡಿಸ್ಟಿಲ್ಡ್ ವಾಟರ್ ಅಂದುಕೊಂಡು ತೆಗೆದುಕೊಂಡದ್ದು ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲ್. ಎರಡೂ ನೀರಿನಂತೆ ತಿಳಿ, ಹೆಚ್ಚುಕಮ್ಮಿ ಒಂದೇ ಗಾತ್ರ, ಒಂದೇ ಟ್ರೇಯಲ್ಲಿ ಅಕ್ಕಪಕ್ಕ. ಒಡೆಯುವ ಮೊದಲು ಟ್ಯೂಬ್‌ಲೈಟ್ ಕೆಳಗೆ ಹಿಡಿದು ಇನ್ನೊಂದು ಸಲ ಓದಿದಳು, ಬಚಾವ್. ಅದು ಕರಗಿಸಿದ ಔಷಧದ ಜೊತೆ ನೇರ ನರಕ್ಕೆ ಹೋಗಿದ್ದರೆ ಹೃದಯವೇ ನಿಂತುಬಿಡಬಹುದಿತ್ತು. ಯಾರೂ ನೋಡಿರಲಿಲ್ಲ. ಅವಳು ಸುಮ್ನೆ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಬೆಳಿಗ್ಗೆ ಹ್ಯಾಂಡೋವರ್ ಹೊತ್ತಿಗೆ ಅವಳು ನಡುಗುತ್ತಲೇ ಇನ್‌ಚಾರ್ಜ್ ಹತ್ತಿರ ಹೋಗಿ ಹೇಳಿದಳು.

"ಪೇಷೆಂಟ್‌ಗೆ ಹೋಗಿಲ್ಲ ಅಲ್ವಾ?"

"ಇಲ್ಲ ಮೇಡಂ."

"ಸರಿ. ಹೇಳಿದ್ದು ಒಳ್ಳೇದಾಯ್ತು ಮರಿ. ಆ ಟ್ರೇ ತೊಗೊಂಡು ಬಾ."

ಅಷ್ಟೇ. ಇಬ್ಬರೂ ನಿಂತುಕೊಂಡೇ ಟ್ರೇ ಖಾಲಿ ಮಾಡಿದರು. ಪೊಟ್ಯಾಸಿಯಂ ಆಂಪ್ಯೂಲ್‌ಗಳೆಲ್ಲ ಬೀಗ ಇರುವ ಕಪಾಟಿಗೆ ಹೋದವು, ಡಬ್ಬಿಯ ಮೇಲೆ ಕೆಂಪು ಸ್ಟಿಕ್ಕರ್ ಬಂತು. ಇನ್ಸಿಡೆಂಟ್ ರಿಪೋರ್ಟ್ ಬರೆದದ್ದು ಟ್ರೇ ಬಗ್ಗೆ, ಹುಡುಗಿಯ ಬಗ್ಗೆ ಅಲ್ಲ. ಆಮೇಲಿನ ವಾರಗಳಲ್ಲಿ ಜೂನಿಯರ್‌ಗಳು ಒಬ್ಬೊಬ್ಬರಾಗಿ ಬಂದು ಹೇಳತೊಡಗಿದರು. ಒಂದೇ ಹೆಸರಿನ ಇಬ್ಬರು ಪೇಷೆಂಟ್ ಪಕ್ಕಪಕ್ಕದ ಹಾಸಿಗೆಯಲ್ಲಿದ್ದಾರೆ ಅಂತ ಒಬ್ಬಳು. ಆಕ್ಸಿಜನ್ ಸಿಲಿಂಡರಿನ ಕೀ ಯಾವಾಗಲೂ ಕಳೆದುಹೋಗಿರುತ್ತದೆ ಅಂತ ಇನ್ನೊಬ್ಬಳು. ಆ ಹಾಸನದ ಹುಡುಗಿಯಂತೂ ಯಾರೇ ಹೊಸದಾಗಿ ಬರಲಿ, ಮೊದಲು ಆ ಕಪಾಟಿನ ಹತ್ತಿರ ಕರೆದುಕೊಂಡು ಹೋಗಿ ತೋರಿಸುತ್ತಿದ್ದಳು. ಅವಳಿಗೆ ಯಾರೂ ಅದನ್ನು ವಹಿಸಿರಲಿಲ್ಲ.

ಮೂರನೇ ಮಹಡಿಯಲ್ಲಿ ಇಂಥದ್ದೇ ಒಂದು ಮಾತು ಹೇಳಿದ ಹುಡುಗಿಗೆ "ವಿವರಣೆ ಬರೆದುಕೊಡು" ಅಂತ ಬಿಳಿ ಹಾಳೆ ಕೊಟ್ಟಿದ್ದರು. ಆ ಹಾಳೆ ಅವಳ ಫೈಲಿಗೆ ಸೇರಿತು. ಅಂದಿನಿಂದ ಆ ವಾರ್ಡಿನಲ್ಲಿ ತಪ್ಪುಗಳೇ ನಡೆಯಲಿಲ್ಲ, ಅಂದರೆ ರಿಜಿಸ್ಟರ್‌ನಲ್ಲಿ ನಡೆಯಲಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಹಾಸಿಗೆಗೆ ಅಂಟಿಕೊಂಡರು. ಪಕ್ಕದವರ ಡ್ರಿಪ್ ಖಾಲಿಯಾಗಿದ್ದರೂ ಮುಟ್ಟಲು ಭಯ. ಮುಟ್ಟಿದ ಮೇಲೆ ಏನಾದರೂ ಆದರೆ ತಲೆ ಕೊಡಬೇಕಾದವರು ಯಾರು? ಹೊರಗಿನಿಂದ ನೋಡಿದವರಿಗೆ ಅದು ಸೋಮಾರಿತನ ಅನ್ನಿಸುತ್ತಿತ್ತು. ಒಳಗಿದ್ದವರಿಗೆ ಮಾತ್ರ ಅದು ಪ್ರಾಣಭಯದಷ್ಟೇ ನಿಜವಾದ ಭಯ ಅಂತ ಗೊತ್ತಿತ್ತು.

ಕಾಲೇಜಿಗೆ ಬಂದ ಮೇಲೆ ಮ್ಯಾನೇಜ್‌ಮೆಂಟ್ ವಿಷಯ ಪಾಠ ಮಾಡಲು ಓದಬೇಕಾಯಿತು. ಆಗ ಗೊತ್ತಾಯಿತು, ನಾನು ವಾರ್ಡಿನಲ್ಲಿ ನೋಡಿದ್ದಕ್ಕೆ ಸಂಶೋಧಕರು ಯಾವತ್ತೋ ಹೆಸರಿಟ್ಟಿದ್ದಾರೆ. ಕರಾರಿನಲ್ಲಿ ಇಲ್ಲದ, ಆದರೆ ಸಂಸ್ಥೆ ನಡೆಯಲು ಬೇಕೇಬೇಕಾದ ಇಂಥ ನಡವಳಿಕೆಯನ್ನು ಅಮೆರಿಕದ ಡೆನ್ನಿಸ್ ಆರ್ಗನ್ ಮತ್ತು ಅವರ ಜೊತೆಗಾರರು 1983ರಲ್ಲಿ ಅಧ್ಯಯನಕ್ಕೆ ತೆಗೆದುಕೊಂಡರು. ಮೂರು ವರ್ಷದ ನಂತರ, 1986ರಲ್ಲಿ, ರಾಬರ್ಟ್ ಐಸೆನ್‌ಬರ್ಗರ್ ಎಂಬ ಮನಃಶಾಸ್ತ್ರಜ್ಞ ಮತ್ತು ಅವರ ತಂಡ ಇನ್ನೊಂದು ವಿಷಯ ಎತ್ತಿಕೊಂಡಿತು. ಕೆಲಸಗಾರರು ತಮ್ಮ ಸಂಸ್ಥೆಯ ಬಗ್ಗೆ ಮನಸ್ಸಿನಲ್ಲೇ ಒಂದು ಲೆಕ್ಕ ಇಟ್ಟುಕೊಂಡಿರುತ್ತಾರೆ. ನನ್ನ ದುಡಿಮೆಗೆ ಇಲ್ಲಿ ಬೆಲೆ ಇದೆಯಾ, ನಾನು ಚೆನ್ನಾಗಿರಬೇಕು ಅನ್ನುವ ಕಾಳಜಿ ಇವರಿಗೆ ಇದೆಯಾ? ಈ ಎರಡು ಪ್ರಶ್ನೆಗೆ ಅವರು ಕೊಟ್ಟುಕೊಳ್ಳುವ ಉತ್ತರದ ಮೇಲೆ ಅವರ ನಡವಳಿಕೆ ನಿಂತಿರುತ್ತದೆ ಅಂತ ಆ ತಂಡ ಹೇಳಿತು. ಆಮೇಲೆ ಬಂದ ಹಲವು ಅಧ್ಯಯನಗಳು, ನರ್ಸ್‌ಗಳ ಮೇಲೆ ಮಾಡಿದವೂ ಸೇರಿ, ಇದೇ ದಿಕ್ಕಿಗೆ ಬೆರಳು ತೋರಿಸಿವೆ. ಬೆಂಬಲ ಇದೆ ಅನ್ನಿಸಿದವರು ಕೆಲಸದಲ್ಲಿ ಹೆಚ್ಚು ತೊಡಗಿಕೊಳ್ಳುತ್ತಾರೆ, ಪಕ್ಕದವರಿಗೆ ಹೆಚ್ಚು ನೆರವಾಗುತ್ತಾರೆ.

ತೊಡಗಿಕೊಳ್ಳುವುದು ಅಂದರೇನು ಅಂತ ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ವಿಲ್ಮಾರ್ ಷೌಫೆಲಿ ಅವರ ತಂಡ ಇದನ್ನು ಮೂರು ಎಳೆಯಾಗಿ ನೋಡಿದೆ: ಹುರುಪು, ಒಲವು, ತಲ್ಲೀನತೆ. ನಾನು ಹುಡುಗಿಯರಿಗೆ ಹೇಳುವುದು ಇನ್ನೂ ಸರಳವಾಗಿ. ಬಿಪಿ 90 ಅಂತ ಚಾರ್ಟಿನಲ್ಲಿ ಬರೆದು ಮುಂದೆ ಹೋಗುವುದು ಕೆಲಸ ಮಾಡುವುದು. 90 ಬರೆದ ಕೈ ಒಂದು ಕ್ಷಣ ನಿಂತು, "ಸಂಜೆ 120 ಇತ್ತಲ್ಲ, ಬ್ಯಾಂಡೇಜ್ ರಕ್ತದಿಂದ ಒದ್ದೆಯಾಗಿದೆಯಾ ನೋಡೋಣ" ಅಂತ ಹೊದಿಕೆ ಸರಿಸುವುದು ತೊಡಗಿಕೊಳ್ಳುವುದು. ಎರಡನೆಯದು ರೋಗಿಯ ಜೀವ ಉಳಿಸುತ್ತದೆ.

ಐಸೆನ್‌ಬರ್ಗರ್ ಅವರ ಬರವಣಿಗೆಯಲ್ಲಿ ನನಗೆ ಬಹಳ ಹಿಡಿಸಿದ್ದು ಬೇರೆ ಒಂದು ಮಾತು. ಸಂಸ್ಥೆ ತಾನಾಗಿ ಮಾಡಿದ್ದನ್ನು ಮಾತ್ರ ಜನ ಬೆಂಬಲ ಅಂತ ಮನಸ್ಸಿಗೆ ತೆಗೆದುಕೊಳ್ಳುತ್ತಾರೆ. ಕಾನೂನಿಗೆ ಹೆದರಿ, ಯೂನಿಯನ್‌ಗೆ ಮಣಿದು ಕೊಟ್ಟದ್ದಕ್ಕೆ ಆ ತೂಕ ಇರುವುದಿಲ್ಲ. ನಿಜ ಅನ್ನಿಸಿತು. ಐದನೇ ಮಹಡಿಯ ಮೇಡಂ ರೋಸ್ಟರ್ ಮಾಡುವ ಮೊದಲು ಒಂದು ನೋಟ್‌ಬುಕ್ ಇಡುತ್ತಿದ್ದರು. ಯಾರಿಗೆ ಯಾವ ದಿನ ಆಫ್ ಬೇಕು ಅಂತ ಅದರಲ್ಲಿ ಬರೆಯಬಹುದಿತ್ತು. ಎಲ್ಲರಿಗೂ ಕೇಳಿದ್ದೇ ಸಿಗುತ್ತಿರಲಿಲ್ಲ. ಆದರೆ ಸಿಗದಿದ್ದಾಗ ಯಾಕೆ ಅಂತ ಕರೆದು ಹೇಳುತ್ತಿದ್ದರು, ಮುಂದಿನ ತಿಂಗಳು ಮರೆಯದೆ ಕೊಡುತ್ತಿದ್ದರು. ಆ ನೋಟ್‌ಬುಕ್ ಇಡು ಅಂತ ಯಾವ ನಿಯಮವೂ ಅವರಿಗೆ ಹೇಳಿರಲಿಲ್ಲ.

ಇನ್ನೊಂದು ಸಲ ರೌಂಡ್ಸ್‌ನಲ್ಲಿ ದೊಡ್ಡ ಸರ್ಜನ್ ಒಬ್ಬರು ಡ್ರೆಸ್ಸಿಂಗ್ ಸೆಟ್ ಇಲ್ಲ ಅಂತ ಒಬ್ಬಳು ಹುಡುಗಿಯ ಮೇಲೆ ಕೂಗಾಡಿದರು, ರೋಗಿಗಳೆಲ್ಲರ ಮುಂದೆ. ಮೇಡಂ ಎರಡು ಹೆಜ್ಜೆ ಮುಂದೆ ಬಂದು, ದನಿ ಎತ್ತರಿಸದೆ, "ಸರ್, ಸೆಟ್ ಸ್ಟೆರಿಲೈಸೇಶನ್‌ನಿಂದ ಇನ್ನೂ ಬಂದಿಲ್ಲ. ಇಂಡೆಂಟ್ ಹಾಕಿದ್ದು ನಾನು. ಅವಳನ್ನ ಕೇಳಬೇಡಿ, ನನ್ನ ಕೇಳಿ" ಅಂದರು. ಸರ್ಜನ್ ಮುಂದಿನ ಹಾಸಿಗೆಗೆ ಹೋದರು. ಆ ವಾರ್ಡಿನ ಹುಡುಗಿಯರು ಆ ಮೇಡಂಗಾಗಿ ಯಾಕೆ ಡಬಲ್ ಡ್ಯೂಟಿಗೂ ಹೂಂ ಅನ್ನುತ್ತಿದ್ದರು ಅಂತ ಯಾರಾದರೂ ಕೇಳಿದರೆ ನಾನು ಈ ಒಂದು ಬೆಳಗನ್ನು ನೆನಪಿಸುತ್ತೇನೆ.

ಹಾಗಂತ ಎಲ್ಲವನ್ನೂ ಒಬ್ಬ ಒಳ್ಳೆಯ ಇನ್‌ಚಾರ್ಜ್ ಮೇಲೆ ಹೊರಿಸಿಬಿಡುವುದು ತಪ್ಪು. ಅವರ ಕೈಯಲ್ಲಿ ಜನರೇ ಇಲ್ಲದಿದ್ದರೆ ಅವರಾದರೂ ಏನು ಮಾಡಿಯಾರು? ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರಕಾರ ಬೋಧನಾ ಆಸ್ಪತ್ರೆಯಲ್ಲಿ 3 ಹಾಸಿಗೆಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಯಲ್ಲಿ 5 ಹಾಸಿಗೆಗೆ ಒಬ್ಬರು ಇರಬೇಕು. ರಜೆ ಹಾಕುವವರ ಜಾಗ ತುಂಬಲು ಅದರ ಮೇಲೆ ಶೇ. 30ರಷ್ಟು ಜನ ಬೇಕು. ರಾತ್ರಿ ಪಾಳಿಯಲ್ಲಿ ಮೂವತ್ತು-ನಲವತ್ತು ಹಾಸಿಗೆಗೆ ಇಬ್ಬರೇ ಸಿಸ್ಟರ್ ಇರುವುದನ್ನು ನೋಡಿದವರಿಗೆ ಈ ಅಂಕಿ ಎಷ್ಟು ದೂರದ್ದು ಅಂತ ಹೇಳಬೇಕಿಲ್ಲ. ಒಬ್ಬರು ಔಷಧಿ ಟ್ರಾಲಿ ಹಿಡಿದು ಹೊರಟರೆ ಇನ್ನೊಬ್ಬರು ಬೆಲ್ಲಿಗೆ ಓಡಬೇಕು. ಹೊಸ ಅಡ್ಮಿಷನ್ ಬಂದರೆ ಎರಡೂ ನಿಲ್ಲುತ್ತವೆ. ಅಂಥ ರಾತ್ರಿಯಲ್ಲಿ ಪಕ್ಕದ ವಾರ್ಡಿಗೆ ಸಹಾಯಕ್ಕೆ ಹೋಗುವ ಮಾತೆಲ್ಲಿ ಬಂತು?

ಲಿಂಡಾ ಐಕೆನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಮಾಡಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಆಪರೇಷನ್ ಆದ ರೋಗಿಗಳ ಲೆಕ್ಕ ಅದು. ಒಬ್ಬ ನರ್ಸ್‌ನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಾಗಲೆಲ್ಲ, 30 ದಿನದೊಳಗೆ ರೋಗಿ ಸಾಯುವ ಸಂಭವ ಶೇ. 7ರಷ್ಟು ಹೆಚ್ಚು ಕಂಡುಬಂತು. ಅದೇ ಒಬ್ಬ ಹೆಚ್ಚುವರಿ ರೋಗಿಯಿಂದ ನರ್ಸ್ ದಣಿದು ಕುಸಿಯುವ ಸಂಭವ ಶೇ. 23 ಮೇಲೇರಿತು. ಈ ಎರಡು ಅಂಕಿಗಳನ್ನು ನಾನು ಬೋರ್ಡಿನ ಮೇಲೆ ಪಕ್ಕಪಕ್ಕದಲ್ಲಿ ಬರೆಯುತ್ತೇನೆ. ರೋಗಿಯ ಹಿತ ಬೇರೆ, ನರ್ಸ್‌ಗಳ ಬೇಡಿಕೆ ಬೇರೆ ಅಂತ ಹೇಳುವವರಿಗೆ ಉತ್ತರ ಅಲ್ಲೇ ಇದೆ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ನರ್ಸ್‌ಗೆ ಗರಿಷ್ಠ ಎಷ್ಟು ರೋಗಿಗಳು ಅಂತ ಮಿತಿ ಹಾಕುವ ಕಾನೂನು 1999ರಲ್ಲೇ ಆಯಿತು, 2004ರಿಂದ ಜಾರಿಗೆ ಬಂತು. ನಮ್ಮಲ್ಲಿ ನಿಯಮ ಇದೆ, ಅದು ಹಾಳೆಯ ಮೇಲಿದೆ.

ಸಂಬಳದ್ದೂ ಅದೇ ಕಥೆ. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸ್ಥಿತಿ ನೋಡಿ ಸುಪ್ರೀಂ ಕೋರ್ಟ್ 2016ರಲ್ಲಿ ಕೇಂದ್ರ ಸರ್ಕಾರಕ್ಕೆ ಸಮಿತಿ ಮಾಡಲು ಹೇಳಿತು. ಆ ಸಮಿತಿ ಶಿಫಾರಸು ಮಾಡಿದ್ದು ಹೀಗೆ: 200ಕ್ಕಿಂತ ಹೆಚ್ಚು ಹಾಸಿಗೆ ಇರುವ ಖಾಸಗಿ ಆಸ್ಪತ್ರೆಯಲ್ಲಿ ಆಯಾ ರಾಜ್ಯದ ಸರ್ಕಾರಿ ನರ್ಸ್‌ಗೆ ಸಿಗುವಷ್ಟೇ ಸಂಬಳ. 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಆಗಬಾರದು. ನನ್ನ ಬಳಿ ಕಲಿತು ಹೋದ ಹುಡುಗಿಯರು ಮೊದಲ ತಿಂಗಳ ಸಂಬಳ ಬಂದಾಗ ಫೋನ್ ಮಾಡುತ್ತಾರೆ. ಎಷ್ಟು ಬಂತು ಅಂತ ಕೇಳಲು ನನಗೇ ಕಷ್ಟವಾಗುತ್ತದೆ. ನಾಲ್ಕು ವರ್ಷ ಬಿಎಸ್ಸಿ ಓದಿಸಿದ ಸಾಲ ತೀರಿಸಲು ಆ ದುಡ್ಡು ಸಾಲುವುದಿಲ್ಲ.

ಪ್ರತಿ ಮೇ 12ಕ್ಕೆ ನರ್ಸ್‌ಗಳ ದಿನ. ಕೇಕ್ ಕತ್ತರಿಸುತ್ತಾರೆ, ಗುಲಾಬಿ ಕೊಡುತ್ತಾರೆ, ದೀಪ ಹಚ್ಚಿ ಪ್ರತಿಜ್ಞೆ ಹೇಳಿಸುತ್ತಾರೆ. ಪ್ರೀತಿಯಿಂದ ಮಾಡುವವರೂ ಇದ್ದಾರೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ವರ್ಷವಿಡೀ ರಜೆಗೆ ಬದಲಿ ಜನ ಕೊಡದೆ ಅವತ್ತು ಮಾತ್ರ ಹೂ ಕೊಟ್ಟರೆ, ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಅನ್ನುವ ಹಾಗಾಗುತ್ತದೆ.

ಅವತ್ತು ನಾವು ನೆನೆಯುವ ಫ್ಲಾರೆನ್ಸ್ ನೈಟಿಂಗೇಲ್ ಅವರ ಕೈಯಲ್ಲಿ ಎಲ್ಲರಿಗೂ ಕಾಣುವುದು ದೀಪ. ನನಗೆ ಅವರ ಇನ್ನೊಂದು ಮುಖ ಇಷ್ಟ. ಕ್ರಿಮಿಯಾ ಯುದ್ಧಕ್ಕೆ ಹೋಗುವ ಮೊದಲು, 1853ರಲ್ಲಿ, ಲಂಡನ್ನಿನ ಹಾರ್ಲೆ ಸ್ಟ್ರೀಟ್‌ನ ಒಂದು ಚಿಕ್ಕ ಆಸ್ಪತ್ರೆಯ ಜವಾಬ್ದಾರಿ ಅವರಿಗೆ ಬಂತು. ಆಗ ಅವರು ಕೇಳಿದ್ದು ಏನು ಗೊತ್ತಾ? ಪ್ರತಿ ಮಹಡಿಗೂ ಕೊಳವೆಯಲ್ಲಿ ಬಿಸಿನೀರು. ಊಟ ಮೇಲೆ ತರಲು ಒಂದು ಲಿಫ್ಟು. ಯಾವ ರೋಗಿ ಕರೆದರು ಅಂತ ನರ್ಸ್‌ಗೆ ನೋಡಿದ ಕೂಡಲೇ ಗೊತ್ತಾಗುವಂಥ ಬೆಲ್ಲು. ಇವೆಲ್ಲ ಇಲ್ಲದಿದ್ದರೆ ನರ್ಸ್ ಅನ್ನುವವಳು ಬರೀ ಒಂದು ಜೊತೆ ಕಾಲು ಆಗಿಬಿಡುತ್ತಾಳೆ ಅಂತ ಅವರು ಪತ್ರದಲ್ಲಿ ಬರೆದರು. ಎಷ್ಟು ಸರಿ! ಒಂದು ಪಾಳಿಯಲ್ಲಿ ನಾವು ಫಾರ್ಮಸಿಗೆ, ಲ್ಯಾಬಿಗೆ, ಬಿಲ್ಲಿಂಗ್‌ಗೆ, ಸ್ಟೋರ್‌ಗೆ ಓಡುವ ಓಟ ಲೆಕ್ಕ ಹಾಕಿದರೆ, ರೋಗಿಯ ಪಕ್ಕ ನಿಲ್ಲುವ ಹೊತ್ತು ಎಷ್ಟು ಉಳಿಯುತ್ತದೆ? ವಾರ್ಡಿಗೆ ಒಬ್ಬ ಗ್ರೂಪ್ ಡಿ ಸಿಬ್ಬಂದಿ ಹೆಚ್ಚಿಗೆ ಕೊಡುವುದು, ಕೆಟ್ಟ ಬಿಪಿ ಯಂತ್ರವನ್ನು ಅದೇ ವಾರ ರಿಪೇರಿ ಮಾಡಿಸುವುದು, ಹಾಳಾದ ಟ್ರಾಲಿ ಚಕ್ರ ಬದಲಾಯಿಸುವುದು. ಬೆಂಬಲ ಅಂತ ನಾನು ಕರೆಯುವುದು ಮೊದಲು ಇದನ್ನು.

ಬೆಂಬಲದ ಮಾತು ಬಂದಾಗ ನನಗೆ ಹೊನ್ನಾವರದ ಹತ್ತಿರದ ಹಳದಿಪುರ ನೆನಪಾಗುತ್ತದೆ. ಅರುಣಾ ಶಾನಭಾಗ ಅಲ್ಲಿಯವರು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಕೆಲಸ ಮುಗಿಸಿ, ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಬದಲಾಯಿಸುತ್ತಿದ್ದಾಗ ಅಲ್ಲಿನ ಒಬ್ಬ ನೌಕರನೇ ಅವರ ಮೇಲೆ ಎರಗಿದ. ನಾಯಿಗೆ ಹಾಕುವ ಸರಪಳಿಯನ್ನು ಕೊರಳಿಗೆ ಬಿಗಿದ. ಮೆದುಳಿಗೆ ರಕ್ತ ಹರಿಯುವುದು ನಿಂತಿತು. ಆಮೇಲೆ ಅವರು ಏಳಲಿಲ್ಲ. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯ 4ನೇ ವಾರ್ಡಿನಲ್ಲಿ ಮಲಗಿದ್ದರು.

ಆ ನಲವತ್ತೊಂದು ವರ್ಷಕ್ಕೂ ಮೀರಿದ ಕಾಲ ಅವರನ್ನು ನೋಡಿಕೊಂಡದ್ದು ಅಲ್ಲಿನ ನರ್ಸ್‌ಗಳು. ಒಂದು ತಂಡ ನಿವೃತ್ತಿಯಾದರೆ ಮುಂದಿನ ತಂಡ. ಕೊನೆಕೊನೆಗೆ ಬಂದವರಲ್ಲಿ ಎಷ್ಟೋ ಜನ 1973ರಲ್ಲಿ ಹುಟ್ಟಿಯೂ ಇರಲಿಲ್ಲ. ಅಷ್ಟು ವರ್ಷ ಹಾಸಿಗೆ ಹಿಡಿದಿದ್ದರೂ ಅವರ ಮೈಯಲ್ಲಿ ಹಾಸಿಗೆ ಹುಣ್ಣು ಇರಲಿಲ್ಲ ಅನ್ನುವುದನ್ನು, ಅವರಿಗೆ ದಯಾಮರಣ ಕೋರಿದ ಅರ್ಜಿಯ ಮೇಲೆ, ಸುಪ್ರೀಂ ಕೋರ್ಟ್ ಕೂಡ ಗುರುತಿಸಿತು. ಇದರ ಅರ್ಥ ಗೊತ್ತಾಗಬೇಕಾದರೆ ಹಾಸಿಗೆ ಹಿಡಿದವರನ್ನು ನೋಡಿಕೊಂಡಿರಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು. ಬೆನ್ನು, ಸೊಂಟ, ಹಿಮ್ಮಡಿ ಒಂದೊಂದನ್ನೂ ಒತ್ತಿ ನೋಡಬೇಕು. ಹಾಸಿದ ಬಟ್ಟೆಯಲ್ಲಿ ಒಂದು ಸುಕ್ಕು ಉಳಿಯಬಾರದು. ಒಂದು ದಿನ ಯಾರಾದರೂ "ಇವತ್ತು ಬಿಡು" ಅಂದಿದ್ದರೂ ಚರ್ಮ ಕೆಂಪಾಗುತ್ತಿತ್ತು. ಇಷ್ಟು ವರ್ಷ ಯಾರೂ ಹಾಗನ್ನಲಿಲ್ಲ. 1980ರ ದಶಕದಲ್ಲಿ ಹಾಸಿಗೆ ತೆರವು ಮಾಡಿಸಲು ಮಹಾನಗರ ಪಾಲಿಕೆ ಅವರನ್ನು ಬೇರೆ ಕಡೆ ಸಾಗಿಸಲು ಹೊರಟಾಗ ನರ್ಸ್‌ಗಳು ಪ್ರತಿಭಟಿಸಿ ತಡೆದರು. ಆ ಅರ್ಜಿಯ ಮೇಲಿನ 2011ರ ಮಾರ್ಚ್ 7ರ ತೀರ್ಪಿನಲ್ಲಿ ಕೋರ್ಟ್, ಅರುಣಾ ಅವರ ಪರವಾಗಿ ಮಾತಾಡುವ ಹಕ್ಕು ಇರುವುದು ಕೆಇಎಂ ಸಿಬ್ಬಂದಿಗೇ ಅಂದಿತು.

ಇದನ್ನು ಪಾಠದಲ್ಲಿ ಹೇಳಿದಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳು, "ಮೇಡಂ, ಅವರಿಗೆ ಯಾವ ಬೆಂಬಲ ಇತ್ತು? ಇಲ್ಲದೇನೇ ಮಾಡಿದ್ರಲ್ವಾ?" ಒಳ್ಳೆಯ ಪ್ರಶ್ನೆ. ನಾನು ಬಹಳ ಯೋಚಿಸಿದ್ದೇನೆ. ಅವರಿಗೆ ಒಬ್ಬರಿಗೊಬ್ಬರು ಇದ್ದರು. ದಾಳಿಯಾದ ಮೇಲೆ ಸುರಕ್ಷತೆ ಬೇಕು, ಕೆಲಸದ ಸ್ಥಿತಿ ಸುಧಾರಿಸಬೇಕು ಅಂತ ಮುಷ್ಕರ ಮಾಡಿದವರು ಅವರೇ, ಅರುಣಾಗೆ ಊಟ ಮಾಡಿಸಿದವರೂ ಅವರೇ. ಹಕ್ಕು ಕೇಳುವವರು ಸೇವೆ ಮಾಡುವುದಿಲ್ಲ ಅನ್ನುವ ಮಾತನ್ನು ಅವರು ಅಂದೇ ಸುಳ್ಳು ಮಾಡಿದರು. ಆದರೂ ನನಗೆ ಒಂದು ವಿಷಯ ಮರೆಯಲು ಆಗುವುದಿಲ್ಲ. ಒಬ್ಬ ನರ್ಸ್‌ಗೆ ಬಟ್ಟೆ ಬದಲಾಯಿಸಲು ಚಿಲಕ ಇರುವ ಒಂದು ಸರಿಯಾದ ಕೋಣೆ, ಜನ ಓಡಾಡುವ ಜಾಗದಲ್ಲಿ, ಇದ್ದಿದ್ದರೆ ಆ ಸಂಜೆ ಬೇರೆ ಆಗುತ್ತಿತ್ತೋ ಏನೋ. ನರ್ಸ್‌ಗಳ ನಲವತ್ತು ವರ್ಷದ ಪ್ರೀತಿಯನ್ನು ಹೊಗಳುವವರು ಆ ಕೋಣೆಯ ಬಗ್ಗೆಯೂ ಮಾತಾಡಬೇಕು.

ಸುರಕ್ಷತೆಯ ವಿಷಯದಲ್ಲಿ ನಮ್ಮ ರಾಜ್ಯಕ್ಕೆ 2009ರಿಂದಲೇ ಕಾನೂನಿದೆ. ವೈದ್ಯಕೀಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದರೆ ಶಿಕ್ಷೆ. 2020ರಲ್ಲಿ ಕೋವಿಡ್ ಹೊತ್ತಿಗೆ ಕೇಂದ್ರವೂ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ತಿದ್ದುಪಡಿ ತಂದು ಶಿಕ್ಷೆ ಬಿಗಿ ಮಾಡಿತು. ಒಳ್ಳೆಯದೇ. ಆದರೆ ರಾತ್ರಿ ಎರಡು ಗಂಟೆಗೆ ಸತ್ತವರ ಕಡೆಯವರು ಕೌಂಟರ್ ಸುತ್ತ ನಿಂತು ಮೇಜು ಗುದ್ದುವಾಗ ನರ್ಸ್ ಹುಡುಕುವುದು ಕಾಯ್ದೆಯ ಪುಸ್ತಕ ಅಲ್ಲ, ಬಾಗಿಲ ಕಡೆಯಿಂದ ಯಾರಾದರೂ ಬರುತ್ತಾರಾ ಅಂತ. ನಾನಿದ್ದ ಒಂದು ಆಸ್ಪತ್ರೆಯಲ್ಲಿ ಅಂಥ ಹೊತ್ತಿನಲ್ಲಿ ಡ್ಯೂಟಿ ಡಾಕ್ಟರ್ ತಾವಾಗಿ ಬಂದು ನಮ್ಮ ಪಕ್ಕ ನಿಲ್ಲುತ್ತಿದ್ದರು, ಮನೆಯವರನ್ನು ಕೂರಿಸಿ ಏನಾಯಿತು ಅಂತ ತಾವೇ ಬಿಡಿಸಿ ಹೇಳುತ್ತಿದ್ದರು. ಇನ್ನೊಂದರಲ್ಲಿ ಸೆಕ್ಯೂರಿಟಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಬೆಳಿಗ್ಗೆ ನಮ್ಮನ್ನೇ ಕರೆದು "ನೀವು ಸರಿಯಾಗಿ ಮಾತಾಡಬೇಕಿತ್ತು" ಅನ್ನುತ್ತಿದ್ದರು. ಅಲ್ಲಿಂದ ಜನ ಒಬ್ಬೊಬ್ಬರಾಗಿ ಬಿಟ್ಟು ಹೋದರು. ಕೆಲವರು ಗಲ್ಫ್‌ಗೆ, ಕೆಲವರು ಇಂಗ್ಲೆಂಡಿಗೆ. ಬಿಟ್ಟು ಹೋದವರು ಸಂಬಳಕ್ಕಾಗಿ ಹೋದರು ಅಂತ ಎಲ್ಲರೂ ಅಂದುಕೊಂಡರು. ಸಂಬಳವೂ ಹೌದು. ಆದರೆ ಮನಸ್ಸು ಬಹಳ ಮೊದಲೇ ಅಲ್ಲಿಂದ ಹೊರಟುಹೋಗಿತ್ತು.

2020ರ ಮೇನಲ್ಲಿ ಕೋಲ್ಕತ್ತಾದ ಖಾಸಗಿ ಆಸ್ಪತ್ರೆಗಳಿಂದ ಮಣಿಪುರದ ನೂರಕ್ಕೂ ಹೆಚ್ಚು ನರ್ಸ್‌ಗಳು ಒಮ್ಮೆಗೇ ಊರಿಗೆ ಹೊರಟುಹೋದದ್ದು ಸುದ್ದಿಯಾಗಿತ್ತು. ಬೆಂಗಳೂರಿನ ಆಸ್ಪತ್ರೆಗಳಲ್ಲೂ ಈಶಾನ್ಯದ ಮಕ್ಕಳು ಬಹಳ ಜನ ಇದ್ದಾರೆ, ಕೇರಳದವರಂತೂ ಮೊದಲಿಂದಲೂ ಇದ್ದಾರೆ. ಕನ್ನಡ ಬರದ ಹುಡುಗಿ ವಾರ್ಡಿಗೆ ಬಂದಾಗ ರೋಗಿಯ ಕಡೆಯವರು ಸಿಡುಕುತ್ತಾರೆ. ಅಂಥ ಹುಡುಗಿಗೆ "ನೋವು ಎಲ್ಲಿದೆ", "ಊಟ ಆಯ್ತಾ", "ಸ್ವಲ್ಪ ತಡೀರಿ" ಅನ್ನುವ ಮಾತುಗಳನ್ನು ಮೊದಲ ವಾರವೇ ಕಲಿಸಿಕೊಡುವ ಒಬ್ಬ ಜೊತೆಗಾತಿ ಸಿಕ್ಕರೆ ಅವಳು ಉಳಿಯುತ್ತಾಳೆ. ಆರು ತಿಂಗಳಲ್ಲಿ ಅವಳೇ ಇನ್ನೊಬ್ಬ ಹೊಸಬಳಿಗೆ ಕಲಿಸುತ್ತಿರುತ್ತಾಳೆ.

ಒಂದು ಅಪಾಯದ ಬಗ್ಗೆಯೂ ಹೇಳಬೇಕು. ನರ್ಸ್‌ಗಳು ತಾವಾಗಿ ಮಾಡುವ ಸಹಾಯದ ರುಚಿ ಹತ್ತಿದ ಆಡಳಿತ ಅದನ್ನು ಮೆಲ್ಲಗೆ ಡ್ಯೂಟಿಯಾಗಿಸಿಬಿಡುತ್ತದೆ. ಒಂದು ದಿನ ಪ್ರೀತಿಯಿಂದ ಎರಡು ಗಂಟೆ ಜಾಸ್ತಿ ನಿಂತದ್ದು ಮುಂದಿನ ತಿಂಗಳು ರೋಸ್ಟರ್‌ನಲ್ಲೇ ಬರುತ್ತದೆ. ಇಲ್ಲ ಅಂದವರಿಗೆ "ಟೀಮ್ ಸ್ಪಿರಿಟ್ ಇಲ್ಲ" ಅನ್ನುವ ಹೆಸರು. ಇಸ್ರೇಲಿನ ಸಂಶೋಧಕ ಎರಾನ್ ವಿಗೋಡಾ-ಗದೋತ್ 2006ರಲ್ಲಿ ಇಂಥ ಬಲವಂತದ ಒಳ್ಳೆಯತನದ ಬಗ್ಗೆಯೇ ಬರೆದರು. ಒತ್ತಾಯಕ್ಕೆ ಮಾಡಿದ ಸಹಾಯ ಜನರನ್ನು ಹಿಂಡಿಹಾಕುತ್ತದೆ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ನಿಂತವರನ್ನು ಹತ್ತು ಗಂಟೆಯ ಟ್ರೈನಿಂಗ್ ಕ್ಲಾಸಿಗೆ ಕೂರಿಸುವುದು, ಬರದಿದ್ದರೆ ಹಾಜರಿ ಕತ್ತರಿಸುವುದು. ಇದನ್ನೂ ಕೆಲವರು ಸಿಬ್ಬಂದಿ ಅಭಿವೃದ್ಧಿ ಅನ್ನುತ್ತಾರೆ. ಅಂಥ ಕ್ಲಾಸಿನಲ್ಲಿ ತೂಕಡಿಸುವ ಹುಡುಗಿಯನ್ನು ನಾನು ಎಬ್ಬಿಸುವುದಿಲ್ಲ.

ಈಗ ಕೋರ್ಸ್ ಮುಗಿಸಿ ಕೆಲಸಕ್ಕೆ ಹೊರಡುವ ಮಕ್ಕಳಿಗೆ ನಾನು ಒಂದು ಮಾತು ಹೇಳಿ ಕಳಿಸುತ್ತೇನೆ. ಇಂಟರ್‌ವ್ಯೂನಲ್ಲಿ ಅವರು ಕೇಳಿದ್ದಕ್ಕೆ ಉತ್ತರ ಕೊಡಿ, ಆಮೇಲೆ ನೀವೂ ಕೇಳಿ. ಯಾರಾದರೂ ರಜೆ ಹಾಕಿದರೆ ಆ ಪಾಳಿ ಯಾರು ನೋಡುತ್ತಾರೆ? ಮೊದಲ ತಿಂಗಳು ನಮ್ಮ ಜೊತೆ ಯಾರು ಇರುತ್ತಾರೆ? ರಾತ್ರಿ ಗಲಾಟೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು? ನಮ್ಮ ಸರ್ಟಿಫಿಕೇಟ್‌ಗಳನ್ನು ನೀವೇ ಇಟ್ಟುಕೊಳ್ಳುತ್ತೀರಾ? ಮೊದಲೆಲ್ಲ ಮಕ್ಕಳು ಹೆದರುತ್ತಿದ್ದರು, "ಹೀಗೆಲ್ಲ ಕೇಳಿದ್ರೆ ಕೆಲಸ ಕೊಡಲ್ಲ ಮೇಡಂ" ಅಂತ. ಹೆದರಿಕೆ ಸಹಜವೇ, ಕೆಲಸದ ಅಗತ್ಯ ಅವರಿಗೆ ಅಷ್ಟಿದೆ.

ಮೊನ್ನೆ ಚಿತ್ರದುರ್ಗದ ಕಡೆಯ ಒಬ್ಬಳು ಫೋನ್ ಮಾಡಿದ್ದಳು. ಎರಡು ಆಸ್ಪತ್ರೆಗೆ ಹೋಗಿದ್ದಳಂತೆ. ಒಂದರಲ್ಲಿ ಅವಳ ಪ್ರಶ್ನೆ ಕೇಳಿ ಎಚ್‌ಆರ್‌ನವರು, "ಮೊದಲು ಸೇರಿಕೊಳ್ಳಿ, ಎಲ್ಲ ಗೊತ್ತಾಗುತ್ತೆ" ಅಂದರಂತೆ. ಇನ್ನೊಂದರಲ್ಲಿ ನರ್ಸಿಂಗ್ ಸೂಪರಿ‌ಂಟೆಂಡೆಂಟ್ ಕುರ್ಚಿ ಎಳೆದು ಪಕ್ಕ ಕೂರಿಸಿಕೊಂಡು, ಹಿಂದಿನ ತಿಂಗಳ ರೋಸ್ಟರ್ ತೆಗೆದು ತೋರಿಸಿದರಂತೆ. ಯಾರು ರಜೆ ಹಾಕಿದ್ದರು, ಅವರ ಜಾಗಕ್ಕೆ ಯಾರು ಬಂದರು, ಎರಡು ದಿನ ಯಾರೂ ಸಿಗದೆ ಎಷ್ಟು ಕಷ್ಟವಾಯಿತು, ಅದನ್ನೂ ಮುಚ್ಚಿಡದೆ ಹೇಳಿದರಂತೆ. ಸಂಬಳ ಮೊದಲನೆಯ ಆಸ್ಪತ್ರೆಯಲ್ಲೇ ಸ್ವಲ್ಪ ಜಾಸ್ತಿ. "ಎರಡನೆಯದಕ್ಕೆ ಸೇರ್ತೀನಿ ಮೇಡಂ, ಸೋಮವಾರದಿಂದ ಡ್ಯೂಟಿ" ಅಂದಳು.